ಹತ್ತನೇ ತರಗತಿ ಮುಗಿಸುವ ಕ್ರೈಸ್ತ ಮಕ್ಕಳು ಮತ್ತು ಸಭೆಯ ಆಸರೆ

ಹತ್ತನೇ ತರಗತಿಯ ವರ್ಷ ಅನೇಕ ಕ್ರೈಸ್ತ ಮನೆಗಳಲ್ಲಿ ಎರಡು ಸಿದ್ಧತೆಗಳು ಒಟ್ಟಿಗೆ ನಡೆಯುತ್ತವೆ. ಒಂದು ಎಸ್ಸೆಸ್ಸೆಲ್ಸಿ, ಇನ್ನೊಂದು ದೃಢೀಕರಣ. ಕೂಸಾಗಿದ್ದಾಗ ದೀಕ್ಷಾಸ್ನಾನದಲ್ಲಿ ತಂದೆತಾಯಿ ತನ್ನ ಪರವಾಗಿ ಹೇಳಿದ ವಿಶ್ವಾಸದ ಮಾತನ್ನು ಹುಡುಗ ಅಥವಾ ಹುಡುಗಿ ಈಗ ಸಭೆಯ ಮುಂದೆ ನಿಂತು ತಾನೇ ಹೇಳುವ ಸಂದರ್ಭ ಅದು. ದಕ್ಷಿಣ ಭಾರತ ಸಭೆಯಲ್ಲಿ ಬಿಷಪ್ಪರು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತಾರೆ. ಕಥೋಲಿಕರಲ್ಲಿ ಹಣೆಗೆ ಪವಿತ್ರ ತೈಲ ಹಚ್ಚುತ್ತಾರೆ. ಕೂಸುಗಳಿಗೆ ದೀಕ್ಷಾಸ್ನಾನ ಕೊಡದ ಪೆಂತೆಕೋಸ್ತ್ ಮುಂತಾದ ಸಭೆಗಳಲ್ಲಿ ಹಲವರು ನೀರಿನಲ್ಲಿ ಮುಳುಗಿ ದೀಕ್ಷೆ ಪಡೆಯುವುದೂ ಹೆಚ್ಚುಕಡಿಮೆ ಇದೇ ಪ್ರಾಯದಲ್ಲಿ. ಹದಿನೈದು-ಹದಿನಾರರ ಮಕ್ಕಳಿಗೆ ಸಭೆ ಕೊಡುವ ಆತ್ಮಿಕ ಆಸರೆಯ ಬೇರು ಇಲ್ಲಿದೆ. ನಂಬಿಕೆ ಮನೆಯವರದ್ದಾಗಿ ಉಳಿಯದೆ ಮಗುವಿನದ್ದೂ ಆಗಬೇಕಾದ ಹೊತ್ತಿನಲ್ಲೇ ಆ ಮಗು ಮನೆ ಬಿಡುವುದಕ್ಕೂ ಸಿದ್ಧವಾಗುತ್ತಿರುತ್ತದೆ.

ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳಲ್ಲಿ, ಅಂದರೆ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆಯಲ್ಲಿ, ಕ್ರೈಸ್ತರು ವಿರಳ. ಮೈಲಾರದ ಕಾರಣಿಕ, ಕೊಟ್ಟೂರು ಬಸವೇಶ್ವರನ ತೇರು ಮುಗಿಯುವ ಹೊತ್ತಿಗೆ ಪರೀಕ್ಷೆಯ ಕಾಲ ಬಂದಿರುತ್ತದೆ. ಕ್ರೈಸ್ತ ಮಕ್ಕಳು ಊರಿನ ಉಳಿದ ಮಕ್ಕಳ ಜೊತೆಗೇ ಓದಿ, ಆಡಿ ಬೆಳೆದವರು. ಆದರೆ ತರಗತಿಯಲ್ಲಿ ತಮ್ಮ ಪ್ರಾರ್ಥನೆಯ ರೀತಿ ಬಲ್ಲವರು ಒಬ್ಬಿಬ್ಬರೂ ಇರದಿರಬಹುದು. ದೊಡ್ಡ ನಗರದ ಸಭೆಯಲ್ಲಿ ಯುವಜನ ಸಂಘ ತಾನಾಗಿಯೇ ಕೂಡುತ್ತದೆ. ಇಲ್ಲಿ ನಾಲ್ಕು ಹಳ್ಳಿಯ ಮಕ್ಕಳನ್ನು ಒಂದೆಡೆ ಸೇರಿಸಿದರೆ ಮಾತ್ರ ಒಂದು ಗುಂಪು ಆಗುತ್ತದೆ.

ಈ ಭಾಗದಲ್ಲಿ ಓದು ಮತ್ತು ಪ್ರಾರ್ಥನೆಯ ನಂಟು ಹಳೆಯದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಮತ್ತು ಸಂಗಡಿಗರು ದುಡಿದು ತಂದ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು. ಬಳ್ಳಾರಿಯ ವಾರ್ಡ್ಲಾ ಶಾಲೆ 1846ರದು. ಅತ್ತ 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಮೂರೇ ವರ್ಷದಲ್ಲಿ ಧಾರವಾಡಕ್ಕೆ ಕಾಲಿಟ್ಟು ಶಾಲೆ, ಬೋರ್ಡಿಂಗುಗಳನ್ನು ಕಟ್ಟಿತು. ಹಡಗಲಿ ತಾಲ್ಲೂಕಿನ ಉತ್ತಂಗಿಯ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ರೆವರೆಂಡ್ ಚನ್ನಪ್ಪ ಉತ್ತಂಗಿಯವರು (1881–1962) ಆ ಪರಂಪರೆಯಲ್ಲಿ ಬೆಳೆದವರು. ಊರೂರು ತಿರುಗಿ ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದ ಈ ಸಭಾಪಾಲಕರು 1949ರ ಕಲಬುರಗಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಕ್ರಿಸ್ತನನ್ನು ನಂಬುವುದಕ್ಕೂ ಕನ್ನಡದ ಶರಣರನ್ನು ಮನಸಾರೆ ಪ್ರೀತಿಸುವುದಕ್ಕೂ ವಿರೋಧವಿಲ್ಲ ಎಂಬುದನ್ನು ಬಾಳಿ ತೋರಿಸಿದವರು ಅವರು. ನಾನು ಈ ಊರಿನವನೋ ಅಲ್ಲವೋ ಎಂಬ ಪ್ರಶ್ನೆ ಹದಿಹರೆಯದಲ್ಲಿ ಏಳುತ್ತದೆ. ಆಗ ಈ ಸೀಮೆಯ ಮಕ್ಕಳ ಮುಂದಿಡಲು ಅವರ ಬದುಕಿಗಿಂತ ಹತ್ತಿರದ ಉತ್ತರ ಬೇರೆ ಇಲ್ಲ. ಯುವಜನ ಶಿಬಿರಗಳಲ್ಲಿ ಅವರ ಕಥೆ ಹೇಳಲೇಬೇಕು.

ಬೋರ್ಡಿಂಗಿನ ಕಾಲದಲ್ಲಿ ಬೆಳಗಿನ ಪ್ರಾರ್ಥನೆ, ಓದು, ಊಟ ಎಲ್ಲವೂ ಒಂದೇ ಗಂಟೆಗೆ ಕಟ್ಟುಬಿದ್ದಿದ್ದವು. ವಾರ್ಡನ್ ಮಗುವನ್ನು ದಿನವೂ ಕಾಣುತ್ತಿದ್ದರು. ಈಗ ಹೆಚ್ಚಿನ ಮಕ್ಕಳು ಓದುವುದು ಸರ್ಕಾರಿ ಪ್ರೌಢಶಾಲೆಗಳಲ್ಲಿ, ಇರುವುದು ಮನೆಯಲ್ಲಿ ಅಥವಾ ಇಲಾಖೆಯ ಹಾಸ್ಟೆಲಿನಲ್ಲಿ. ಸಭೆಗೆ ಅವರು ಸಿಗುವುದು ಭಾನುವಾರ ಮಾತ್ರ. ಹತ್ತನೇ ತರಗತಿಯಲ್ಲಿ ಭಾನುವಾರವೂ ವಿಶೇಷ ತರಗತಿ. ಹೀಗಾಗಿ ಆಸರೆ ಅಂದರೆ ಮಕ್ಕಳು ಬರಲಿ ಎಂದು ಕಾಯುವುದಲ್ಲ, ಅವರಿದ್ದಲ್ಲಿಗೆ ಹೋಗುವುದು.

ಎಲ್ಲರಿಗೂ ಗೊತ್ತಿರುವ ಪದ್ಧತಿ ಪರೀಕ್ಷೆಯ ಮುಂಚಿನ ಪ್ರಾರ್ಥನೆ. ಪರೀಕ್ಷೆಗೆ ಹೊರಟ ಮಕ್ಕಳು ಆರಾಧನೆಯ ಕೊನೆಯಲ್ಲಿ ಮುಂದೆ ಬಂದು ಮೊಣಕಾಲೂರುತ್ತಾರೆ. ಹಾಲ್ ಟಿಕೆಟ್, ಪೆನ್ನು, ಜಾಮಿಟ್ರಿ ಬಾಕ್ಸ್ ಮೇಜಿನ ಮೇಲಿರುತ್ತವೆ. ಸಭಾಪಾಲಕರು ಒಬ್ಬೊಬ್ಬರ ಹೆಸರೆತ್ತಿ ಪ್ರಾರ್ಥಿಸುತ್ತಾರೆ. ಹಿಂದಿನ ಸಾಲಿನಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುವ ತಾಯಂದಿರಲ್ಲಿ ಮಗಳು ಏನು ಓದಿದಳೆಂದು ತಿಳಿಯದವರೂ ಇರುತ್ತಾರೆ. ಕಥೋಲಿಕರಲ್ಲಿ ಕುಪೆರ್ಟಿನೋದ ಸಂತ ಜೋಸೆಫರ (1603–1663) ಮಧ್ಯಸ್ಥಿಕೆಯನ್ನು ಕೋರುವ ರೂಢಿಯಿದೆ. ಓದಿನಲ್ಲಿ ಬಹಳ ಹಿಂದಿದ್ದ ಈ ಫ್ರಾನ್ಸಿಸ್ಕನ್ ಸಂನ್ಯಾಸಿ ಪರೀಕ್ಷೆ ಬರೆಯುವವರ ಪಾಲಕ ಸಂತ. ಈ ಪ್ರಾರ್ಥನೆಯಲ್ಲಿ ಬಳಸುವ ಮಾತು ಬಹಳ ಮುಖ್ಯ. ಹೆಚ್ಚು ಅಂಕ ಕೊಡು ಎಂದು ಕೇಳುವುದನ್ನೇ ಕಲಿತ ಮಗು, ಅಂಕ ಬರದಿದ್ದಾಗ ದೇವರೂ ತನ್ನನ್ನು ಕೈಬಿಟ್ಟನೆಂದು ತಿಳಿಯುತ್ತದೆ. ಧೈರ್ಯ, ನೆನಪು, ಪ್ರಾಮಾಣಿಕತೆಗಳನ್ನು ಕೇಳಿ, ಫಲಿತಾಂಶ ಏನಾದರೂ ನೀನು ನಮ್ಮ ಮಗುವೇ ಎಂದು ಸಭೆಯೆಲ್ಲ ಹೇಳಿದರೆ ಆ ಪ್ರಾರ್ಥನೆ ಫಲಿತಾಂಶ ಬಂದ ಮೇಲೂ ಮಗುವನ್ನು ಹಿಡಿದು ನಿಲ್ಲಿಸುತ್ತದೆ.

ಫಲಿತಾಂಶದ ದಿನದ ಪಾಲನೆಗೆ ಬೈಬಲ್ಲಿನಲ್ಲಿ ಒಳ್ಳೆಯ ಮಾದರಿಯಿದೆ. ಪ್ರವಾದಿ ಎಲೀಯ ಸೋತು ಸುಣ್ಣವಾಗಿ, ಸಾಯುವುದೇ ಮೇಲೆಂದು ಅಡವಿಯ ಗಿಡವೊಂದರ ಕೆಳಗೆ ಮಲಗುತ್ತಾನೆ. ದೇವದೂತ ಅವನಿಗೆ ಬುದ್ಧಿ ಹೇಳುವುದಿಲ್ಲ; ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಡುತ್ತಾನೆ, ಮತ್ತೆ ಮಲಗಲು ಬಿಡುತ್ತಾನೆ. ಮಾತುಕತೆ ನಡೆಯುವುದು ಆಮೇಲೆ. ನಪಾಸಾದ ಮಗುವಿನ ಮನೆಗೆ ಅದೇ ದಿನ ಹೋಗಿ, ಉಣ್ಣಿಸಿ, ಸುಮ್ಮನೆ ಜೊತೆ ಕೂಡುವ ಹಿರಿಯರು ಮಾಡುವುದು ಇದನ್ನೇ. ಮರುದಿನ ಹೇಳಬೇಕಾದ ಸಂಗತಿಯೂ ಇದೆ: ರಾಜ್ಯದಲ್ಲಿ ಈಗ ಒಂದೇ ವರ್ಷದಲ್ಲಿ ಎಸ್ಸೆಸ್ಸೆಲ್ಸಿಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುವುದರಿಂದ ವರ್ಷ ಹಾಳಾಗಬೇಕಿಲ್ಲ. ಮಗು ನಿದ್ದೆಗೆಟ್ಟರೆ, ಊಟ ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ನೆರವೂ ಬೇಕೇ ಬೇಕು. ಟೆಲಿ ಮನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆ ದೇವಾಲಯದ ಸೂಚನಾ ಫಲಕದಲ್ಲಿ ಇರತಕ್ಕದ್ದು.

ಮುಂದೇನು ಓದಬೇಕೆಂಬುದನ್ನು ಕ್ರೈಸ್ತರು ದೇವರ ಕರೆ ಎಂಬ ಮಾತಿನ ಬೆಳಕಿನಲ್ಲಿ ನೋಡುತ್ತಾರೆ. ಈ ಕರೆ ಪಾದ್ರಿಗಳಿಗೂ ಸಿಸ್ಟರ್‌ಗಳಿಗೂ ಮೀಸಲಲ್ಲ. ಪ್ರಾಮಾಣಿಕ ಕೆಲಸವೆಲ್ಲ ದೇವರ ಸೇವೆಯೆಂದು ಪ್ರೊಟೆಸ್ಟೆಂಟ್ ಸುಧಾರಕ ಲೂಥರ್ ಕಲಿಸಿದ. ಬಾಸೆಲ್ ಮಿಷನ್ ನೇಯ್ಗೆಯನ್ನೂ, 1865ರಿಂದ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನೂ ನಡೆಸಿದ್ದರ ಹಿಂದೆ ದುಡಿಮೆಯ ಬಗೆಗಿನ ಈ ಗೌರವವೂ ಇತ್ತು. ಹಾಗಾಗಿ ಐಟಿಐ, ಕೃಷಿ ಡಿಪ್ಲೊಮಾ ಸೇರುವ ಮಗು ಪಿಯು ವಿಜ್ಞಾನ ಸೇರಿದವರಿಗಿಂತ ಕಡಿಮೆಯಲ್ಲ. ಕಥೋಲಿಕ ವಿದ್ಯಾರ್ಥಿ ಸಂಘಗಳಲ್ಲಿ ಬೆಲ್ಜಿಯಂನ ಪಾದ್ರಿ ಜೋಸೆಫ್ ಕಾರ್ಡೈನ್ ಅವರ ಕ್ರಮ ಬಳಕೆಯಲ್ಲಿದೆ: ಕಣ್ಣಾರೆ ನೋಡು, ಸುವಾರ್ತೆಯ ಮುಂದಿಟ್ಟು ತೂಗು, ಆಮೇಲೆ ಕೈಹಾಕು. ಹತ್ತನೆಯದು ಮುಗಿಸಿದ ಗೆಳತಿಯರು ಓದು ಬಿಡುತ್ತಿದ್ದರೆ, ಮದುವೆಯ ಮಾತಿಗೋ, ಕಾಲೇಜಿನ ಹೊತ್ತಿಗೆ ಬಸ್ ಇಲ್ಲದ್ದಕ್ಕೋ ಎಂದು ಗುಂಪು ಮೊದಲು ವಿಚಾರಿಸುತ್ತದೆ. ಬಸ್ಸೇ ಕಾರಣವಾದರೆ ಡಿಪೋಗೆ ಅರ್ಜಿ ಕೊಡುವುದೂ ಆತ್ಮಿಕ ಕೆಲಸವೇ.

ಕಾಲೇಜು ಪ್ರವೇಶದ ಹೊತ್ತಿಗೆ ಜಾತಿ-ಆದಾಯ ಪ್ರಮಾಣಪತ್ರದ ಪ್ರಶ್ನೆ ಬರುತ್ತದೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನಮಾನ ಹಿಂದೂಗಳಿಗೆ, ತಿದ್ದುಪಡಿಗಳ ಮೂಲಕ ಸಿಖ್ಖರಿಗೆ (1956) ಮತ್ತು ಬೌದ್ಧರಿಗೆ (1990) ಮಾತ್ರ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ 1ರಲ್ಲಿ, ಇತರ ಕ್ರೈಸ್ತರು 3ಬಿಯಲ್ಲಿ ಬರುತ್ತಾರೆ. ಪರಿಶಿಷ್ಟ ಪಂಗಡದವರಿಗೆ ಧರ್ಮದ ಷರತ್ತಿಲ್ಲ. ಮನೆಯ ನಂಬಿಕೆ ಒಂದು, ಕಾಗದದ ಗುರುತು ಇನ್ನೊಂದು ಎಂಬ ಇಕ್ಕಟ್ಟು ಹದಿನಾರರ ಮಗುವಿನ ಮನಸ್ಸಾಕ್ಷಿಯನ್ನು ಹಿಂಡುತ್ತದೆ. ಇದನ್ನು ಗದರಿಕೆಯಿಲ್ಲದೆ, ಕಾನೂನು ತಿಳಿದು, ತಂದೆತಾಯಿಯ ಜೊತೆ ಕೂತು ಬಿಡಿಸಬೇಕು.

ಈ ಆಸರೆಗೆ ಒಂದು ಎಲ್ಲೆಯೂ ಇದೆ. ಮಿಷನ್ ಶಾಲೆಗಳಲ್ಲಿ ಓದುವವರಲ್ಲಿ ಬಹುಪಾಲು ಬೇರೆ ಧರ್ಮದ ಮಕ್ಕಳು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ. ಪರೀಕ್ಷೆಯ ಭಯದಲ್ಲಿರುವ ಮಗುವಿನ ಅಳುಕನ್ನು ಮತಪ್ರಚಾರಕ್ಕೆ ಬಳಸುವುದು ಕ್ರಿಸ್ತನ ದಾರಿಯೂ ಅಲ್ಲ.

ಊರು ಬಿಟ್ಟು ದಾವಣಗೆರೆ, ಹುಬ್ಬಳ್ಳಿ, ಬಳ್ಳಾರಿ, ಬೆಂಗಳೂರಿಗೆ ಹೋದವರಿಗೆ ಅಲ್ಲಿನ ಸಭೆ ಗುರುತು ಸಿಗುವುದೇ ಕಷ್ಟ. ಹಳ್ಳಿಯ ಸಭಾಪಾಲಕರು ಕಾಲೇಜಿರುವ ಊರಿನ ಸಭಾಪಾಲಕರಿಗೆ ಪತ್ರ ಬರೆದು ಅಥವಾ ಫೋನ್ ಮಾಡಿ ಮಗುವನ್ನು ಒಪ್ಪಿಸುವುದು ಸಣ್ಣ ಕೆಲಸ, ಆದರೆ ಇಷ್ಟು ಫಲ ಕೊಡುವ ಇನ್ನೊಂದು ಕೆಲಸವಿಲ್ಲ. 1912ರಲ್ಲಿ ಆರಂಭವಾದ, ಬೆಂಗಳೂರಿನಲ್ಲಿ ಕೇಂದ್ರವಿರುವ ಸ್ಟೂಡೆಂಟ್ ಕ್ರಿಶ್ಚಿಯನ್ ಮೂವ್‌ಮೆಂಟ್, 1954ರಲ್ಲಿ ಹುಟ್ಟಿದ ಯೂನಿಯನ್ ಆಫ್ ಇವ್ಯಾಂಜೆಲಿಕಲ್ ಸ್ಟೂಡೆಂಟ್ಸ್ ಆಫ್ ಇಂಡಿಯಾ ಅಥವಾ ಯುಇಎಸ್‌ಐ ಮುಂತಾದ ವಿದ್ಯಾರ್ಥಿ ಸಂಘಟನೆಗಳು ಕಾಲೇಜು ಮಕ್ಕಳನ್ನು ಬೈಬಲ್ ಅಧ್ಯಯನಕ್ಕೆ, ಚರ್ಚೆಗೆ ಕೂಡಿಸುತ್ತವೆ. ಪರದೇಶದ ಅರಮನೆಯಲ್ಲಿ ಓದಲು ಕೂತ ದಾನಿಯೇಲನಿಗೂ ಆಸರೆಯಾದದ್ದು ತನ್ನಂತೆಯೇ ಊರು ಬಿಟ್ಟು ಬಂದ ಮೂವರು ಗೆಳೆಯರು.

ಕಾಲೇಜು ಸೇರದವರನ್ನು ಸಭೆಗಳು ಬೇಗ ಮರೆಯುತ್ತವೆ. ಇದು ಈ ಸೇವೆಯ ದೊಡ್ಡ ಕೊರತೆ. ಹರಪನಹಳ್ಳಿ, ಕೂಡ್ಲಿಗಿ ಕಡೆಯ ಹಳ್ಳಿ, ತಾಂಡಾಗಳಿಂದ ಕಬ್ಬು ಕಡಿಯಲು, ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ಕುಟುಂಬಗಳ ಮಕ್ಕಳು ಪರೀಕ್ಷೆ ಬರೆದ ವಾರದಲ್ಲೇ ತಂದೆತಾಯಿಯನ್ನು ಸೇರಿಕೊಳ್ಳುತ್ತಾರೆ. ಯುವಜನ ಸಂಘದ ಪಟ್ಟಿಯಲ್ಲಿ ಅವರ ಹೆಸರೂ ಉಳಿಯಬೇಕು. ಅವರು ಊರಿಗೆ ಮರಳುವ ಕ್ರಿಸ್ಮಸ್ ವಾರದಲ್ಲಿ ದೃಢೀಕರಣದ ಪಾಠ ಇಟ್ಟುಕೊಂಡು, ನಪಾಸಾದವರಿಗೆ ಮತ್ತೆ ಪರೀಕ್ಷೆ ಕಟ್ಟುವ ಅರ್ಜಿಯನ್ನೂ ತುಂಬಿಕೊಡಬಹುದು.