ಗಾಳದವರ ಲೆಕ್ಕದ ಪುಸ್ತಕ

ಹುಲಿ ಎಣಿಸುವ ಬಗೆ ಈಗ ನಮ್ಮಲ್ಲಿ ಶಾಲೆ ಮಕ್ಕಳಿಗೂ ಗೊತ್ತು. ಕಾಡುದಾರಿಯಲ್ಲಿ ಎದುರುಬದುರಾಗಿ ಎರಡು ಕ್ಯಾಮೆರಾ ಕಟ್ಟುತ್ತಾರೆ, ಮೈಮೇಲಿನ ಪಟ್ಟೆ ನೋಡಿ ಒಂದೊಂದನ್ನೂ ಗುರುತು ಹಿಡಿಯುತ್ತಾರೆ, ಉಳಿದದ್ದು ಗಣಿತ. ನಾಗರಹೊಳೆಯಲ್ಲಿ ಉಲ್ಲಾಸ ಕಾರಂತರು ಪಳಗಿಸಿದ ವಿಧಾನ ಅದು. ಹೊಳೆಯ ಮೀನಿಗೆ ಈ ಉಪಾಯ ನಡೆಯುವುದಿಲ್ಲ. ಮಳೆಗಾಲದಲ್ಲಿ ಕೆಂಪು ನೀರು, ಬೇಸಿಗೆಯಲ್ಲಿ ಬಂಡೆಗಳ ಸಂದಿಯ ಆಳದ ಮಡು. ಬಲೆ ಹಾಕಿದರೆ ಬಂಡೆಗೆ ಸಿಕ್ಕಿ ಹರಿಯುತ್ತದೆ, ಇಳಿದು ನೋಡೋಣವೆಂದರೆ ಮೊಸಳೆ. ಹಾಗಾಗಿ ಕಾವೇರಿಯ ಅತಿ ದೊಡ್ಡ, ಅತಿ ಪ್ರಸಿದ್ಧ ಮೀನು ಎಷ್ಟಿದೆ, ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ ಎಂಬುದಕ್ಕೆ ಯಾವ ಇಲಾಖೆಯ ಬಳಿಯೂ ಉತ್ತರವಿರಲಿಲ್ಲ. ಕೊನೆಗೆ ಉತ್ತರ ಸಿಕ್ಕಿದ್ದು ಗಾಳದವರ ರಿಜಿಸ್ಟರಿನಲ್ಲಿ.

ಮೀನು ಮಹಶೀರ್. ನಮ್ಮ ಹೊಳೆಸಾಲಿನವರ ಬಾಯಲ್ಲಿ ಬಿಳಿಮೀನು. ರಿಜಿಸ್ಟರು ಇದ್ದದ್ದು ಗಾಳಿಬೋರೆಯಲ್ಲಿ. ಶಿವನಸಮುದ್ರದಲ್ಲಿ ಧುಮುಕಿದ ಕಾವೇರಿ ದೊಡ್ಡಮಾಕಳಿ, ಭೀಮೇಶ್ವರಿ ದಾಟಿ ಸಂಗಮದ ಕಡೆ ಹೋಗುವ ಹಾದಿಯಲ್ಲಿ, ಕಾವೇರಿ ವನ್ಯಜೀವಿಧಾಮದ ಒಳಗೆ ಜಂಗಲ್ ಲಾಡ್ಜಸ್‌ನವರು ನಡೆಸುವ ಬಿಡಾರ ಅದು. ದೇಶವಿದೇಶದಿಂದ ಗಾಳದ ಹುಚ್ಚಿನವರು ಅಲ್ಲಿಗೆ ಬರುತ್ತಿದ್ದರು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡಲೇಬೇಕು, ಅದು ಕಟ್ಟುನಿಟ್ಟು. ಬಿಡುವ ಮುಂಚೆ ತೂಗಿ ಬರೆದಿಡಬೇಕು.

ಬರೆದಿಡುವ ಶಿಸ್ತು ವಿಜ್ಞಾನದ ಮೇಲಿನ ಪ್ರೀತಿಯಿಂದ ಹುಟ್ಟಿದ್ದಲ್ಲ, ಜಂಬದಿಂದ ಹುಟ್ಟಿದ್ದು. ನಾನು ಹಿಡಿದದ್ದು ಐವತ್ತು ಪೌಂಡು, ನಿನ್ನದೆಷ್ಟು? ಮೀನು ಕೈಯಲ್ಲಿ ಉಳಿಯುವುದಿಲ್ಲ ಎಂದಮೇಲೆ ಸಾಕ್ಷಿಗೆ ಒಂದು ಫೋಟೊ, ಪುಸ್ತಕದಲ್ಲಿ ಒಂದು ಸಾಲು ಅಷ್ಟೇ. ಮೀನು ಯಾವ ಬಗೆಯದು, ತೂಕ ಎಷ್ಟು, ಎಷ್ಟು ಹೊತ್ತು ಗಾಳ ಹಾಕಿ ಕೂತಿದ್ದರು ಎಂಬುದೆಲ್ಲ ಹೀಗೆ ವರ್ಷಗಟ್ಟಲೆ ದಾಖಲಾಗುತ್ತ ಹೋಯಿತು. ಏನೂ ಸಿಗದೆ ಬರಿಗೈಲಿ ಎದ್ದುಬಂದ ಹೊತ್ತಿನ ಲೆಕ್ಕವೂ ಸಿಗುವಂತಿತ್ತು ಎನ್ನುವುದು ಮುಖ್ಯ. ಮುಂದೆ ಕೆಲಸಕ್ಕೆ ಬಂದದ್ದು ಅದೇ.

ಈ ಗಾಳದ ಕಸುಬನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಎರೆ ನಮ್ಮ ರಾಗಿ. ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಬೇಯಿಸಿ, ಗಾಳದ ಕೊಕ್ಕೆಯ ಸುತ್ತ ಒತ್ತಿ ಕೂರಿಸುತ್ತಾರೆ. ಸಾವಿರಾರು ಮೈಲಿ ದೂರದಿಂದ ದುಬಾರಿ ರೀಲು, ಕಡ್ಡಿ ಹೊತ್ತು ತಂದ ದೊರೆಗಳು ಕೊನೆಗೆ ಮುದ್ದೆಯನ್ನೇ ನಂಬಬೇಕಾಗಿತ್ತು ಎನ್ನುವುದು ಹಳೇ ಮೈಸೂರಿನವನಾದ ನನಗೆ ಸಣ್ಣ ಹೆಮ್ಮೆಯ ವಿಷಯ. ಮಹಶೀರಿನ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಏಡಿ, ಶಂಖದ ಹುಳು ಏನನ್ನಾದರೂ ಅಲ್ಲಿಗೆಳೆದು ನುಚ್ಚುಮಾಡುತ್ತದೆ, ಸಾಧಾರಣ ಕೊಕ್ಕೆಯಾದರೆ ಅದನ್ನೂ ಹಿಸುಕಿಬಿಡುತ್ತದೆ. ಕಚ್ಚಿದ ಮೇಲೆ ಹರಿವಿನ ಜೊತೆ ಕೆಳಕ್ಕೆ ಓಡುತ್ತದೆ. ಹಿಡಿದವನು ದಡದಲ್ಲಿ ನಿಂತರೆ ದಾರ ಮುಗಿದೇ ಹೋಗುತ್ತದೆ, ತೆಪ್ಪ ಹತ್ತಿ ಹಿಂದೆ ಹೋಗಬೇಕು. ತೆಪ್ಪ ನಡೆಸುವವರು, ಯಾವ ಬಂಡೆಯ ಮರೆಯಲ್ಲಿ ಯಾವ ಹೊತ್ತಿಗೆ ಮೀನು ನಿಲ್ಲುತ್ತದೆಂದು ಹೇಳುವವರು ಸುತ್ತಲ ಹಳ್ಳಿಗಳವರು. ಅವರಲ್ಲಿ ಕೆಲವರು ಒಂದು ಕಾಲಕ್ಕೆ ಇದೇ ಮಡುಗಳಿಗೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದವರೇ. ಬಿಡಾರ ಸಂಬಳ ಕೊಟ್ಟಿತು, ಅವರೇ ಕಾವಲಿಗೆ ನಿಂತರು.

ಈ ಮೀನಿನ ಕೀರ್ತಿ ಹಳೆಯದು. 1873ರಲ್ಲಿ ಎಚ್. ಎಸ್. ಥಾಮಸ್ ಎಂಬ ಮದ್ರಾಸ್ ಪ್ರಾಂತದ ಅಧಿಕಾರಿ ಭಾರತದ ಗಾಳದ ಬೇಟೆಯ ಬಗ್ಗೆ ಪುಸ್ತಕವನ್ನೇ ಬರೆದ. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗನ್ ಮನೆತನದ ಡಿ ವೆಟ್ ವ್ಯಾನ್ ಇಂಗನ್ 120 ಪೌಂಡ್ ತೂಗುವ, ಎಂದರೆ 54 ಕಿಲೋದ ಮಹಶೀರ್ ಹಿಡಿದರು. ಮಹಾರಾಜರು ಹೊಡೆದ ಹುಲಿಗಳ ಚರ್ಮ ಹದಮಾಡಿ ಜೀವಂತದಂತೆ ನಿಲ್ಲಿಸುತ್ತಿದ್ದ ಮನೆತನ ಅದು. ಆ ಕಾಲದ ದಾಖಲೆಯ ಮೀನುಗಳೆಲ್ಲ ಒಂದೇ ಜಾತಿಯವು. ತಲೆಯ ಹಿಂದೆ ಎದ್ದು ನಿಲ್ಲುವ ಡುಬ್ಬ, ಕಿತ್ತಳೆ ಬಣ್ಣದ ಬಾಲ. ಸ್ವಾತಂತ್ರ್ಯದ ಮೇಲೆ ಬೇಟೆಯ ದೊರೆಗಳು ಹೋದರು, ಮೀನೂ ಹೋಯಿತೆಂದೇ ಹೊರಗಿನವರು ತಿಳಿದಿದ್ದರು. 1970ರ ದಶಕದ ಕೊನೆಗೆ ಮೂವರು ಇಂಗ್ಲಿಷರು ಕಾವೇರಿಗೆ ಬಂದು ಗಾಳ ಹಾಕಿದಾಗ ಅದು ಇನ್ನೂ ಇದೆಯೆಂದು ಜಗತ್ತಿಗೆ ಗೊತ್ತಾಯಿತು. ಹೊಳೆಸಾಲಿನವರಿಗೆ ಮೊದಲೇ ಗೊತ್ತಿತ್ತು, ಅವರನ್ನು ಯಾರೂ ಕೇಳಿರಲಿಲ್ಲ.

ಇದೇ ಹೊತ್ತಿಗೆ ದೂರದ ಲೋಣಾವಳದಲ್ಲಿ ಮತ್ತೊಂದು ಕೆಲಸ ನಡೆದಿತ್ತು. ಟಾಟಾ ವಿದ್ಯುತ್ ಕಂಪನಿಯ ಅಣೆಕಟ್ಟುಗಳ ದಡದಲ್ಲಿ ಸಿ. ವಿ. ಕುಲಕರ್ಣಿ ಎಂಬ ಮೀನು ವಿಜ್ಞಾನಿ ಮಹಶೀರಿನ ಮೊಟ್ಟೆಯನ್ನು ಕೈಯಿಂದ ಹಿಂಡಿ ತೆಗೆದು, ಗಂಡಿನ ವೀರ್ಯ ಬೆರೆಸಿ ಮರಿ ಮಾಡುವ ಕ್ರಮ ಕಂಡುಕೊಂಡರು. ಅಣೆಕಟ್ಟು ಕಟ್ಟಿ ಮೀನಿನ ದಾರಿ ಮುಚ್ಚಿದ್ದಕ್ಕೆ ಒಂದು ಬಗೆಯ ಪ್ರಾಯಶ್ಚಿತ್ತ ಎನ್ನಬಹುದು. ಲಕ್ಷಗಟ್ಟಲೆ ಮರಿಗಳು ಹುಟ್ಟಿದವು, ರಾಜ್ಯ ರಾಜ್ಯಗಳಿಗೆ ಹೋದವು. ಕಾವೇರಿಗೂ ಬಂದವು. ಸರ್ಕಾರ, ಗಾಳದವರ ಸಂಘ, ಎಲ್ಲರೂ ಸಂತೋಷದಿಂದ ಬಿಟ್ಟರು. ಮಹಶೀರ್ ಕಡಿಮೆಯಾಗುತ್ತಿದೆ, ಮಹಶೀರ್ ಬಿಡುತ್ತಿದ್ದೇವೆ, ತಪ್ಪೇನು?

ಲೋಣಾವಳದ ಮೀನು ಮಹಶೀರೇ ಹೌದು, ಆದರೆ ಬೇರೆ ಜಾತಿ. ವಿಜ್ಞಾನದಲ್ಲಿ ಅದು ಟಾರ್ ಖುದ್ರೀ. 1839ರಲ್ಲಿ ಕರ್ನಲ್ ಸೈಕ್ಸ್ ಪುಣೆಯ ಮುಳಾ–ಮುಠಾ ನದಿಯಲ್ಲಿ ಕಂಡು ವರ್ಣಿಸಿದ್ದು. ಭೀಮೆಯ, ಕೃಷ್ಣೆಯ ಬಳಗದ ಮೀನು. ಡುಬ್ಬವಿಲ್ಲ, ರೆಕ್ಕೆಗೆ ನೀಲಿ ಛಾಯೆ. ಗಾಳಿಬೋರೆಯ ರಿಜಿಸ್ಟರಿನಲ್ಲಿ ಗಾಳದವರು ಇದನ್ನು ನೀಲಿ ರೆಕ್ಕೆಯದು ಎಂದು, ಹಳೆಯದನ್ನು ಡುಬ್ಬದ್ದು ಎಂದು ಬೇರೆ ಬೇರೆಯಾಗಿಯೇ ಬರೆದುಕೊಂಡಿದ್ದರು. ಇಲಾಖೆಯ ಕಡತಗಳಲ್ಲಿ ಮಾತ್ರ ಎರಡೂ ಮಹಶೀರೇ.

ಈ ರಿಜಿಸ್ಟರಿಗೆ ಬೆಲೆ ಕಟ್ಟಿದವರು ಇಂಗ್ಲೆಂಡಿನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ರಾಬರ್ಟ್ ಬ್ರಿಟನ್ ಮತ್ತು ಕೊಚ್ಚಿಯ ಮೀನುಗಾರಿಕಾ ವಿಶ್ವವಿದ್ಯಾಲಯದ ರಾಜೀವ್ ರಾಘವನ್. ಪಿಂಡರ್ ಸ್ವತಃ ಗಾಳದ ಗೀಳಿನವರು, ಹಾಗಾಗಿ ಇಂಥ ಪುಸ್ತಕ ಇರಬಹುದೆಂಬ ಊಹೆ ಅವರಿಗೆ ಸಹಜವಾಗಿತ್ತು. 1998ರಿಂದ 2012ರವರೆಗಿನ ದಾಖಲೆ ಕೂಡಿಸಿದಾಗ ಬಂದ ಲೆಕ್ಕ: 23,620 ಗಂಟೆ ಗಾಳ, 6,161 ಮೀನು. ಸರಾಸರಿ ಒಂದು ಮೀನಿಗೆ ಹತ್ತಿರ ಹತ್ತಿರ ನಾಲ್ಕು ಗಂಟೆಯ ಕಾಯುವಿಕೆ. ಅತಿ ಚಿಕ್ಕದು ಒಂದು ಪೌಂಡ್, ಅತಿ ದೊಡ್ಡದು 104 ಪೌಂಡ್. ಈ ಗಂಟೆಗಳ ಲೆಕ್ಕವೇ ಇಡೀ ವಿಧಾನದ ಜೀವ. ಈ ವರ್ಷ ನೂರು ಮೀನು, ಹೋದ ವರ್ಷ ಎಂಬತ್ತು ಎಂದರೆ ಏನೂ ಹೇಳಿದಂತಾಗುವುದಿಲ್ಲ, ಈ ವರ್ಷ ಜನ ಹೆಚ್ಚು ಬಂದಿರಬಹುದು. ಗಂಟೆಗೆ ಎಷ್ಟು ಮೀನು ಎಂದು ಭಾಗಿಸಿದರೆ ಹೊಳೆ ಬಾಯಿಬಿಡುತ್ತದೆ.

ಮೊದಲ ನೋಟಕ್ಕೆ ಸುದ್ದಿ ಚೆನ್ನಾಗಿಯೇ ಇತ್ತು. ಗಂಟೆಗೆ ಸಿಗುವ ಮೀನು ವರ್ಷದಿಂದ ವರ್ಷಕ್ಕೆ ಹೆಚ್ಚಾಗಿತ್ತು. ಸರಾಸರಿ ತೂಕ ಇಳಿದಿತ್ತು, ಎಂದರೆ ಎಳೆಯ ಮೀನು ಹೇರಳ. ಕಾವಲು ಫಲ ಕೊಟ್ಟಿದೆ ಎಂದು ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀಲಿ ರೆಕ್ಕೆಯದನ್ನೂ ಡುಬ್ಬದ್ದನ್ನೂ ಬೇರ್ಪಡಿಸಿದಾಗ ಚಿತ್ರ ಬೇರೆಯಾಯಿತು. ಹೆಚ್ಚಾದದ್ದೆಲ್ಲ ನೀಲಿ ರೆಕ್ಕೆಯದು. ಡುಬ್ಬದ ಮೀನು ಸಿಗುವುದು ಕಡಿಮೆಯಾಗುತ್ತ ಬಂದಿತ್ತು, ಸಿಕ್ಕವುಗಳ ತೂಕ ಮಾತ್ರ ಏರುತ್ತಿತ್ತು. ದೊಡ್ಡ ಮೀನು ಸಿಕ್ಕರೆ ಗಾಳದವನಿಗೆ ಹಬ್ಬ, ಲೆಕ್ಕ ನೋಡುವವನಿಗೆ ಸೂತಕ. ವಯಸ್ಸಾದವರಷ್ಟೇ ಉಳಿದು, ತೊಟ್ಟಿಲು ತೂಗದ ಹಳ್ಳಿಯ ಹಾಗೆ ಅದು. ಇದ್ದವು ಬೆಳೆಯುತ್ತಿವೆ, ಹೊಸದು ಹುಟ್ಟಿ ಸೇರುತ್ತಿಲ್ಲ.

ಹೊಸ ಮೀನೇ ಹಳೆಯದನ್ನು ಹೊರದೂಡಿತು ಎಂದು ರಿಜಿಸ್ಟರು ಸಾಕ್ಷಿ ನುಡಿಯುವುದಿಲ್ಲ, ಅದನ್ನು ವಿಜ್ಞಾನಿಗಳೂ ಒಪ್ಪುತ್ತಾರೆ. ಕಾವೇರಿಯ ಮೇಲೆ ಬಿದ್ದ ಹೊಡೆತಗಳು ಒಂದೆರಡಲ್ಲ. ಮೇಲೆ ಕೃಷ್ಣರಾಜಸಾಗರ, ಕೆಳಗೆ ಮೆಟ್ಟೂರು, ನಡುವೆ 1902ರಿಂದ ತಿರುಗುತ್ತಿರುವ ಶಿವನಸಮುದ್ರದ ವಿದ್ಯುದಾಗಾರ. ಮಹಶೀರ್ ಮಳೆಗಾಲದಲ್ಲಿ ಹೊಳೆಯೇರಿ ಹೋಗಿ ಮೊಟ್ಟೆಯಿಡುವ ಜಾತಿ. ಮೊಟ್ಟೆಗೆ ಗರಸು, ಬೆಣಚು ಹಾಸಿದ ತಳ, ತಿಳಿನೀರು ಬೇಕು. ಮರಳು ತೆಗೆದಲ್ಲಿ ಆ ತಳವೇ ಇರುವುದಿಲ್ಲ. ಆದರೂ ಇಷ್ಟೆಲ್ಲ ಕಷ್ಟದಲ್ಲೂ ಹೊರಗಿಂದ ಬಂದದ್ದು ಹೆಚ್ಚಿತು, ಮನೆಯದು ಕುಗ್ಗಿತು ಎನ್ನುವುದನ್ನು ತಳ್ಳಿಹಾಕುವ ಹಾಗಿಲ್ಲ.

ಇಲ್ಲಿಗೆ ಬಂದಾಗ ಸಂಶೋಧಕರು ಒಂದು ವಿಚಿತ್ರ ತೊಡಕಿಗೆ ಸಿಕ್ಕಿಬಿದ್ದರು. ಡುಬ್ಬದ ಮಹಶೀರ್ ಅಳಿವಿನಂಚಿನಲ್ಲಿದೆ ಎಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಗೆ ಸೇರಿಸಬೇಕಾದರೆ ಅದಕ್ಕೊಂದು ವೈಜ್ಞಾನಿಕ ಹೆಸರಿರಬೇಕು. ಜಗತ್ತಿನ ಗಾಳದವರೆಲ್ಲ ಒಂದೂವರೆ ಶತಮಾನ ಕೊಂಡಾಡಿದ ಈ ಮೀನಿಗೆ ಸರಿಯಾದ ಹೆಸರೇ ಇರಲಿಲ್ಲ! ಕೆಲವರು ಒಂದೆನ್ನುತ್ತಿದ್ದರು, ಕೆಲವರು ಇನ್ನೊಂದು. ಹಳೆಯ ದೊರೆಗಳು ತಲೆಯನ್ನು ಗೋಡೆಗೆ ನೇತುಹಾಕಿದರೇ ಹೊರತು ಮಾದರಿಯೊಂದನ್ನು ಸರಿಯಾಗಿ ಮ್ಯೂಸಿಯಮ್ಮಿಗೆ ಕೊಡಲಿಲ್ಲ. ಕಾವೇರಿಯ ಮುಖ್ಯ ಹೊಳೆಯಲ್ಲಿ ಅಷ್ಟರಲ್ಲಿ ಮೀನು ಸಿಗುವುದೇ ದುರ್ಲಭವಾಗಿತ್ತು. ನೀಲಗಿರಿಯ ಬುಡದಲ್ಲಿ ಹರಿದು ಭವಾನಿಗೆ, ಭವಾನಿಯಿಂದ ಕಾವೇರಿಗೆ ಸೇರುವ ಮೋಯಾರ್ ನದಿಯಲ್ಲಿ ಕೊನೆಗೂ ಸಿಕ್ಕಿತು. ಇಂಥ ಕೆಲಸಕ್ಕೆ ಮೀನನ್ನು ಕೊಲ್ಲಲೇಬೇಕೆಂದಿಲ್ಲ. ರೆಕ್ಕೆಯ ತುದಿಯಿಂದ ಉಗುರಿನಷ್ಟು ಚೂರು ಕತ್ತರಿಸಿ ಸ್ಪಿರಿಟ್ಟಿನ ಸೀಸೆಗೆ ಹಾಕಿದರೆ ಡಿಎನ್‌ಎ ಓದಲು ಅಷ್ಟು ಸಾಕು, ರೆಕ್ಕೆ ಮತ್ತೆ ಬೆಳೆಯುತ್ತದೆ.

ಓದಿ ಹೋಲಿಸಿದಾಗ ತಾಳೆಯಾದದ್ದು ಕೇರಳದ ಚಿನ್ನಾರ್ ಕಾಡಿನ ಪಾಂಬಾರ್ ಹೊಳೆಯ ಒಂದು ಮೀನಿಗೆ. 2007ರಲ್ಲಿ ಕೇರಳದ ವಿಜ್ಞಾನಿಗಳು ಅದನ್ನು ಹೊಸ ಜಾತಿಯೆಂದು ವರ್ಣಿಸಿ, ಭಾರತೀಯ ಪ್ರಾಣಿ ಸರ್ವೇಕ್ಷಣಾ ಸಂಸ್ಥೆಯ ಕೆ. ರೆಮಾದೇವಿ ಅವರ ಗೌರವಕ್ಕೆ ಟಾರ್ ರೆಮಾದೇವಿ ಎಂದು ಕರೆದಿದ್ದರು. ಪಾಂಬಾರಿನಲ್ಲಿ ಸಿಕ್ಕವು ಸಣ್ಣ ಮೀನುಗಳು, ಇವೇ ಕಾವೇರಿಯ ದೈತ್ಯನ ಬಳಗ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುವ ಹೊಳೆ. 2018ರಲ್ಲಿ ಈ ಸಂಬಂಧ ಪ್ರಕಟವಾಯಿತು, ಅದೇ ವರ್ಷ ಮೀನು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಕಾವೇರಿ ಮತ್ತು ಅವಳ ಉಪನದಿಗಳನ್ನು ಬಿಟ್ಟು ಭೂಮಿಯ ಮೇಲೆ ಇನ್ನೆಲ್ಲೂ ಇದಕ್ಕೆ ನೆಲೆಯಿಲ್ಲ.

ರಿಜಿಸ್ಟರಿನ ಕಥೆ 2012ಕ್ಕೆ ನಿಂತದ್ದು ಯಾಕೆಂದು ಹೇಳಬೇಕು. ವನ್ಯಜೀವಿಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ ಎಂಬ ವ್ಯಾಖ್ಯಾನ ಬಂದು ಆಟ ಬಂದ್ ಆಯಿತು. ಕಾಯ್ದೆಯ ಅಕ್ಷರ ಹಿಡಿದರೆ ತಪ್ಪೆನ್ನಲಾಗದು. ಕೊಕ್ಕೆ ಚುಚ್ಚಿ, ಗಂಟೆಗಟ್ಟಲೆ ಎಳೆದಾಡಿ, ಫೋಟೊ ತೆಗೆದು ಬಿಡುವ ಮೋಜಿನಲ್ಲಿ ನನಗೂ ದೊಡ್ಡ ಗೌರವವಿಲ್ಲ. ಆದರೆ ಗಾಳದವರ ಜೊತೆಗೆ ಅವರ ದುಡ್ಡಿನಲ್ಲಿ ನಡೆಯುತ್ತಿದ್ದ ಕಾವಲೂ ಹೋಯಿತು, ಹೊಳೆಯ ಏಕೈಕ ಜನಗಣತಿಯೂ ಹೋಯಿತು ಎಂದು ಪಿಂಡರ್ ಮತ್ತು ರಾಘವನ್ ಬರೆದರು. ಆಟ ನಿಲ್ಲಿಸಿದವರು ಲೆಕ್ಕವನ್ನಾದರೂ ಬೇರೆ ರೀತಿಯಲ್ಲಿ ಮುಂದುವರಿಸಬೇಕಿತ್ತು ಎನ್ನುವುದು ನನ್ನ ತಕರಾರು.

ನಮ್ಮಲ್ಲಿ ಮೀನು ಕಾಯುವ ಹಳೆಯ ಪದ್ಧತಿ ಇಲ್ಲವೆಂದಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲು, ಶಿಶಿಲದ ಕಪಿಲೆ, ರಾಮನಾಥಪುರದ ಕಾವೇರಿಯಲ್ಲಿ ದೇವರ ಮೀನೆಂದು ಯಾರೂ ಮುಟ್ಟುವುದಿಲ್ಲ, ಪುರಿ ಹಾಕಿ ಕೈಮುಗಿಯುತ್ತಾರೆ. 1996ರಲ್ಲಿ ಶಿಶಿಲದ ಮೀನುಗಳಿಗೆ ಯಾರೋ ವಿಷವಿಕ್ಕಿದಾಗ ಊರವರು ಅವುಗಳಿಗೆ ಸ್ಮಾರಕ ಕಟ್ಟಿದರು. ಭಕ್ತಿ ಮಾಡಬಲ್ಲ ಕೆಲಸ ಇದು, ಅರಣ್ಯ ಇಲಾಖೆಯ ಬೋರ್ಡಿನಿಂದ ಆಗುವುದಲ್ಲ. ಆದರೆ ದೇವಸ್ಥಾನದ ಮಡು ಮೀನನ್ನು ಉಳಿಸುತ್ತದೆ, ಯಾವ ಜಾತಿ ಎಷ್ಟು ಎಂದು ಬರೆದಿಡುವುದಿಲ್ಲ.

ಈಗಿನ ಸಂಶೋಧನೆಯ ಕಣ್ಣೆಲ್ಲ ಮೋಯಾರಿನ ಮೇಲಿದೆ. ಕಾವೇರಿಯಲ್ಲಿ ಈ ಮೀನಿನ ಹಳೆಯ ನೆಲೆಯಾದ ಸಂಗಮದ ಸುತ್ತಿನ ಮಡುಗಳಿಗೆ ಮೇಕೆದಾಟು ಅಣೆಕಟ್ಟಿನ ಪ್ರಸ್ತಾವವಿದೆ, 67 ಟಿಎಂಸಿ ನೀರು ನಿಂತರೆ ವನ್ಯಜೀವಿಧಾಮದ ದೊಡ್ಡ ಭಾಗವೇ ಮುಳುಗುತ್ತದೆ. ಎರಡು ರಾಜ್ಯಗಳ ಜಗಳದಲ್ಲಿ ಕುಡಿಯುವ ನೀರಿನ, ಗದ್ದೆಯ ನೀರಿನ ಮಾತು ಬಂದಷ್ಟು ಮೀನಿನ ಮಾತು ಬಂದಿಲ್ಲ, ಬರುವ ಸೂಚನೆಯೂ ಕಾಣೆ. ಅಷ್ಟು ದೊಡ್ಡ ಜಗಳಕ್ಕೆ ಕೈಹಾಕದೆಯೂ ಆಗಬಹುದಾದ ಕೆಲಸವೊಂದಿದೆ. ಮಳೆಗಾಲ ಮುಗಿದೊಡನೆ ಗಣ್ಯರು ಹೊಳೆಗಿಳಿದು ಮಹಶೀರ್ ಮರಿ ಬಿಡುವ ಫೋಟೊ ಪತ್ರಿಕೆಗಳಲ್ಲಿ ಬರುತ್ತದೆ. ಮರಿಯ ತಾಯಿ ತಂದೆ ಯಾವ ಹೊಳೆಯವು ಎಂದು ಡಿಎನ್‌ಎ ನೋಡಿ ತಿಳಿದ ಮೇಲೆ ಬಿಡಿ, ಕೃಷ್ಣೆಯ ಮೀನನ್ನು ಕಾವೇರಿಗೆ ಸುರಿಯಬೇಡಿ ಎಂಬುದು ಸಂಶೋಧಕರ ಬೇಡಿಕೆ. ಅದಕ್ಕೆ ಬೇಕಾದದ್ದು ಪ್ರತಿ ಮರಿಕೇಂದ್ರದಲ್ಲಿ ರೆಕ್ಕೆಯ ಚೂರುಗಳ ಒಂದು ಡಬ್ಬಿ ಮತ್ತು ಯಾವ ದಿನ ಯಾವ ಮರಿ ಎಲ್ಲಿಗೆ ಹೋಯಿತೆಂದು ಬರೆಯುವ ಒಂದು ರಿಜಿಸ್ಟರು.