ಕಲ್ಲೆಸೆತ ಬೇಡ, ಜಾತ್ರೆ ಇರಲಿ

ವಿಶಾಖಪಟ್ಟಣದಿಂದ ಭೀಮುನಿಪಟ್ಟಣಕ್ಕೆ ಹೋಗುವ ಕಡಲ ದಾರಿಯಲ್ಲಿ ಬಲಕ್ಕೆ ಸಮುದ್ರ, ಎಡಕ್ಕೆ ಬೆಟ್ಟಸಾಲು. ತೊಟ್ಲಕೊಂಡ, ಬಾವಿಕೊಂಡ, ಭೀಮುನಿಪಟ್ಟಣದ ಪಾವುರಾಲಕೊಂಡ ಈ ಮೂರರ ಮೇಲೂ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಬೌದ್ಧ ಭಿಕ್ಷುಗಳು ನೆಲೆಸಿದ್ದರು. ಮಳೆನೀರು ಹಿಡಿಯಲು ಅವರು ಬಂಡೆಯಲ್ಲಿ ಕೊರೆಸಿದ ತೊಟ್ಟಿಗಳು ಇನ್ನೂ ಇವೆ. ತೊಟ್ಲಕೊಂಡದ ಉತ್ಖನನದಲ್ಲಿ ಶಾತವಾಹನರ ಸೀಸದ ನಾಣ್ಯಗಳ ಜತೆ ರೋಮನ್ ಬೆಳ್ಳಿ ನಾಣ್ಯಗಳೂ ದೊರೆತಿವೆ. ಹಡಗಿನ ವ್ಯಾಪಾರದ ಹಣ ಈ ವಿಹಾರಗಳವರೆಗೂ ಹರಿದು ಬಂದಿತ್ತು.

ಆ ವಿಹಾರಗಳು ಪಾಳುಬಿದ್ದು ಶತಮಾನಗಳಾದವು. ಆದರೆ ಇದೇ ಸೀಮೆಯ ಇನ್ನೊಂದು ಬೌದ್ಧ ಬೆಟ್ಟದಲ್ಲಿ ಇಂದಿಗೂ ವರ್ಷಕ್ಕೊಮ್ಮೆ ಜನ ಸೇರುತ್ತಾರೆ. ಅದು ಅನಕಾಪಲ್ಲಿ ಹತ್ತಿರ, ಶಂಕರಂ ಊರಿನ ಬೊಜ್ಜನ್ನಕೊಂಡ. ಹಳೇ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತೇವಲ್ಲ, ಇಲ್ಲಿ ದನಕರುಗಳ ಹಬ್ಬ ಮರುದಿನ, ಕನುಮದಂದು. ಆ ದಿನ ಸುತ್ತಲ ಹಳ್ಳಿಯವರು ಸಂಸಾರ ಸಮೇತ ಬೆಟ್ಟ ಹತ್ತುತ್ತಾರೆ.

ಮೆಟ್ಟಿಲೇರಿದರೆ ಎದುರಾಗುವುದು ಬಂಡೆಯಲ್ಲಿ ಕೊರೆದ ಗುಹೆ. ಒಳಗೆ ಹದಿನಾರು ಕಂಬ, ನಡುವೆ ಅದೇ ಬಂಡೆಯಲ್ಲಿ ಕಡೆದ ಸ್ತೂಪ. ಬಾಗಿಲ ಮೇಲೆ ಧ್ಯಾನಕ್ಕೆ ಕುಳಿತ ಬುದ್ಧ. ಪಕ್ಕದ ಲಿಂಗಾಲಕೊಂಡದ ಬಂಡೆಗಳ ಮೇಲೆ ಕಿರು ಸ್ತೂಪಗಳು ಸಾಲುಗಟ್ಟಿವೆ. 20ನೇ ಶತಮಾನದ ಮೊದಲ ದಶಕದಲ್ಲಿ ಪುರಾತತ್ವಜ್ಞ ಅಲೆಕ್ಸಾಂಡರ್ ರೀ ಇಲ್ಲಿ ಅಗೆಸಿದಾಗ ಪೂರ್ವ ಚಾಲುಕ್ಯ ವಿಷ್ಣುವರ್ಧನನ ತಾಮ್ರದ ನಾಣ್ಯಗಳೂ ಸಿಕ್ಕವು. ವೆಂಗಿಯಲ್ಲಿ ಆ ವಂಶ ಕಟ್ಟಿದ ಕುಬ್ಜ ವಿಷ್ಣುವರ್ಧನ ಬಾದಾಮಿಯ ಇಮ್ಮಡಿ ಪುಲಕೇಶಿಯ ತಮ್ಮ. ಕೆಲಸದ ಮೇಲೆ ಈ ಕರಾವಳಿಗೆ ಬಂದ ಕನ್ನಡಿಗರಿಗೆ ಬೊಜ್ಜನ್ನಕೊಂಡ ಪರಸ್ಥಳ ಅನ್ನಿಸಬೇಕಿಲ್ಲ.

ಇಷ್ಟಾದರೂ ಕನುಮದ ಜಾತ್ರೆಗೆ ನೋವಿನ ಒಂದು ಮುಖವಿತ್ತು. ಬೆಟ್ಟದ ದುಂಡನೆಯ ಕಟ್ಟಡವೊಂದನ್ನು ರಾಕ್ಷಸನ ಹೊಟ್ಟೆ ಎಂದು ನಂಬಿದ ಜನ, ಅದಕ್ಕೆ ಕಲ್ಲು ಹೊಡೆಯುವುದನ್ನೇ ಹಬ್ಬದ ಆಚರಣೆ ಮಾಡಿಕೊಂಡಿದ್ದರು. ಬುದ್ಧನ ನೆನಪು ಅಳಿಸಿ, ಅವನ ಜಾಗ ರಾಕ್ಷಸನದಾಗಿತ್ತು. ಪರಂಪರೆ ಉಳಿಸುವ ಕೆಲಸದಲ್ಲಿರುವ ಇಂಟ್ಯಾಕ್ ಸಂಸ್ಥೆ ಮುಂದೆ ಬಂದು, ಇದು ಬೌದ್ಧ ಕ್ಷೇತ್ರ, ಕಲ್ಲೆಸೆಯಬೇಡಿ ಎಂದು ಹಳ್ಳಿಯವರಿಗೆ ತಿಳಿಹೇಳಿತು. ಹಟ ಹಿಡಿದದ್ದು ಕಲ್ಲೆಸೆತದ ವಿರುದ್ಧ, ಜಾತ್ರೆಯ ವಿರುದ್ಧವಲ್ಲ. ಈ ವಿವೇಕ ನನಗೆ ಬಹಳ ದೊಡ್ಡದೆನಿಸುತ್ತದೆ. ಜನರನ್ನು ಹೊರಗಟ್ಟಿ ಬೇಲಿ ಹಾಕಿದ್ದರೆ ಸ್ಮಾರಕ ಉಳಿಯುತ್ತಿತ್ತು, ಬೆಟ್ಟದೊಂದಿಗೆ ಊರಿಗಿದ್ದ ನಂಟು ಕಡಿದುಹೋಗುತ್ತಿತ್ತು.

ಮೂಲ ಮರೆತರೂ ನಂಟು ಉಳಿದದ್ದು ನಮ್ಮಲ್ಲೂ ಇದೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ಅಶೋಕನ ಶಾಸನವಿದ್ದ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿತ್ತು. 1986ರಲ್ಲಿ ಗುಡಿಯ ಚಾವಣಿ ಕುಸಿದ ಮೇಲಷ್ಟೇ ಅದು ಬೆಳಕಿಗೆ ಬಂತು. ಕಲ್ಲಿನ ಮೇಲಿನ ಅಕ್ಷರ ಓದಲು ಬಾರದ ಭಕ್ತರೇ ಅಷ್ಟು ಕಾಲ ಅದನ್ನು ಕಾಯ್ದುಕೊಂಡು ಬಂದಿದ್ದರು.

ಬುದ್ಧ ಪೂರ್ಣಿಮೆಗೆ ತೊಟ್ಲಕೊಂಡ ಹತ್ತುವವರು ಕನುಮಕ್ಕೆ ಬೊಜ್ಜನ್ನಕೊಂಡಕ್ಕೂ ಬರಬೇಕು. ವಿಶಾಖಪಟ್ಟಣದಿಂದ ಸುಮಾರು 40 ಕಿ.ಮೀ. ದಾರಿ, ಅನಕಾಪಲ್ಲಿವರೆಗೆ ರೈಲೂ ಇದೆ. ಜತೆಗೆ ಮಕ್ಕಳಿದ್ದರೆ ಬಾಗಿಲ ಮೇಲೆ ಕುಳಿತವನು ಯಾರೆಂದು ಹೇಳಿಕೊಡಿ. ಕಲ್ಲೆತ್ತಿದ ಕೈಯನ್ನು ಇಳಿಸಿದ್ದೂ ಇಂಥ ತಿಳಿವಳಿಕೆಯೇ.