ಮೃದು ನೀರಿನ ಸೀಮೆಯಲ್ಲಿ ಮೀನಿನ ತೊಟ್ಟಿ

ಮೂಕಜೀವಿಯೊಂದನ್ನು ಮನೆಗೆ ತರುವುದೆಂದರೆ ಅದರ ಯೋಗಕ್ಷೇಮದ ಹೊಣೆಯನ್ನು ಹೊರುವುದೆಂದೇ ಅರ್ಥ. ಹಸುಕರುಗಳ ವಿಷಯದಲ್ಲಿ ಈ ಮಾತನ್ನು ಮಲೆನಾಡಿನ ಮನೆಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಸು ಹಸಿದರೆ ಕೂಗುತ್ತದೆ, ಬಾಯಾರಿದರೆ ಹಗ್ಗ ಜಗ್ಗುತ್ತದೆ. ಮೀನಿಗಾದರೋ ದನಿಯಿಲ್ಲ. ನೀರೇ ಅದರ ನೆಲ, ನೀರೇ ಅದರ ಉಸಿರು. ನೀರು ಕೆಟ್ಟರೆ ಅದು ಓಡಿಹೋಗುವ ದಾರಿಯೂ ಇಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಅನೇಕ ಮನೆಗಳ ಪಡಸಾಲೆಯಲ್ಲಿ ಈಗ ಗಾಜಿನ ತೊಟ್ಟಿಗಳು ಕಾಣಸಿಗುತ್ತವೆ. ಮಕ್ಕಳ ಆಸೆಗಾಗಿ ತಂದ ಬಣ್ಣದ ಮೀನುಗಳು ಎರಡು ಮೂರು ತಿಂಗಳು ಚೆನ್ನಾಗಿಯೇ ಇರುತ್ತವೆ. ಆಮೇಲೊಂದು ದಿನ, ಬಹುಮಟ್ಟಿಗೆ ತೊಟ್ಟಿಯನ್ನು ಪೂರ್ತಿ ತೊಳೆದು ಹೊಸ ನೀರು ತುಂಬಿದ ಮರುದಿನವೇ, ಮೀನುಗಳು ಹೊಟ್ಟೆ ಮೇಲಾಗಿ ತೇಲುತ್ತವೆ. ಮಕ್ಕಳು ಅಳುತ್ತಾರೆ; ಹಿರಿಯರು ದೃಷ್ಟಿ ತಾಗಿತೆನ್ನುತ್ತಾರೆ. ದೃಷ್ಟಿಯೂ ಅಲ್ಲ, ಗ್ರಹಚಾರವೂ ಅಲ್ಲ. ಇಂತಹ ಸಾವಿಗೆ ಅನೇಕ ವೇಳೆ ಕಾರಣವಾಗುವುದು ನೀರಿನ ರಸಸಾರದ ಏರುಪೇರು.

ರಸಸಾರವೆಂದರೇನು?

ಅಡಿಕೆ ತೋಟವುಳ್ಳವರಿಗೆ ಈ ಶಬ್ದ ಹೊಸದಲ್ಲ. ಮಣ್ಣು ಪರೀಕ್ಷೆಯ ಚೀಟಿಯಲ್ಲಿ ‘ಪಿಎಚ್’ ಎಂದು ಬರೆದಿರುವುದೇ ರಸಸಾರ. 7 ಎಂದರೆ ಸಮಸ್ಥಿತಿ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಈ ಅಳತೆಯಲ್ಲಿ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಹೆಚ್ಚಿತೆಂದು ತಿಳಿಯಬೇಕು. 7ರಿಂದ 5ಕ್ಕೆ ಇಳಿದರೆ ನೂರು ಪಟ್ಟು. ಆದುದರಿಂದ ಸಣ್ಣ ಅಂಕಿಯ ವ್ಯತ್ಯಾಸವೂ ಮೀನಿಗೆ ಸಣ್ಣದಲ್ಲ.

ನಮ್ಮ ನೀರು ಮೃದುವೇಕೆ?

ದಾವಣಗೆರೆ, ಚಿತ್ರದುರ್ಗಗಳ ಕಡೆಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇದಕ್ಕೆ ಒಳ್ಳೆಯ ಸಾಕ್ಷಿ. ಅಲ್ಲಿಯ ಕೊಳವೆಬಾವಿಯ ನೀರನ್ನು ಕಾಯಿಸಿದ ಪಾತ್ರೆಯ ತಳದಲ್ಲಿ ಬಿಳಿಯ ಹಕ್ಕಳೆ ಕಟ್ಟುತ್ತದೆ. ಸಾಬೂನು ನೊರೆ ಬರುವುದಿಲ್ಲ. ತವರಿನ ಹಂಡೆಯಲ್ಲಿ ಅಂತಹ ಹಕ್ಕಳೆ ಕಾಣುವುದು ಅಪರೂಪ. ಸಾಬೂನು ಸೋಕಿದರೆ ಸಾಕು, ನೊರೆ. ಅದು ಗಡಸು ನೀರು, ಇದು ಮೃದು ನೀರು.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರವನ್ನು ಹಾದು ಸಾಗರ ಸೀಮೆಗೆ ಬಂದು, 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಾಗಿ ನಿಲ್ಲುತ್ತದೆ. ಮೂರು ತಾಲ್ಲೂಕುಗಳನ್ನೂ ಒಂದೇ ಹೊಳೆ ಹೆಣೆದಿದೆ. ತೀರ್ಥಹಳ್ಳಿ ಪೇಟೆಯ ಮಗ್ಗುಲಲ್ಲೇ ತುಂಗೆ ಹರಿಯುತ್ತಾಳೆ. ಈ ನೀರೆಲ್ಲ ಮಳೆಯ ಕೊಡುಗೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯೊಂದರಲ್ಲಿಯೇ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುತ್ತದೆ. ಮಳೆಹನಿ ಗಾಳಿಯಲ್ಲಿಯ ಇಂಗಾಲಾಮ್ಲವನ್ನು ಹೀರಿ ತುಸು ಹುಳಿಯಾಗಿಯೇ ಇಳಿಯುತ್ತದೆ. ಸುಣ್ಣಕಲ್ಲಿನ ನೆಲದಲ್ಲಾದರೆ ಆ ಹುಳಿ ಕಲ್ಲನ್ನು ಕರಗಿಸಿ ಗಡಸಾಗುತ್ತಿತ್ತು. ನಮ್ಮದು ಜಂಬಿಟ್ಟಿಗೆಯ ನೆಲ. ಯುಗಯುಗಗಳ ಮಳೆ ಇಲ್ಲಿಯ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ದಿದೆ. ತೋಟಕ್ಕೆ ಸುಣ್ಣ ಹಾಕಬೇಕಾದುದೂ ನಲ್ಲಿಯ ನೀರು ಮೃದುವಾದುದೂ ಒಂದೇ ಕಾರಣದಿಂದ.

ತೊಟ್ಟಿಯೊಳಗೆ ನಡೆಯುವುದೇನು?

ಮೃದು ನೀರು ಕೆಟ್ಟ ನೀರಲ್ಲ. ಅದರಲ್ಲಿ ಕೂಡಿಟ್ಟ ಗಂಟಿಲ್ಲ, ಅಷ್ಟೆ. ನೀರಿನಲ್ಲಿ ಕರಗಿದ ಬೈಕಾರ್ಬೊನೇಟೆಂಬ ಲವಣವೇ ಆ ಗಂಟು. ಹುಳಿ ಹುಟ್ಟಿದಾಗಲೆಲ್ಲ ಅದು ಎದುರಾಗಿ ಹುಳಿಯನ್ನು ನುಂಗಿ ರಸಸಾರವನ್ನು ಕಾಯುತ್ತದೆ. ಅಂಗಡಿಯ ಪರೀಕ್ಷಾ ಕಿಟ್ಟಿನಲ್ಲಿ ಇದನ್ನು ‘ಕೆಎಚ್’ ಎಂದು ಅಳೆಯುತ್ತಾರೆ.

ಮೀನಿನ ಮಲಮೂತ್ರ, ತಿನ್ನದೆ ಉಳಿದ ಆಹಾರ ಇವು ಕೊಳೆತು ಅಮೋನಿಯಾ ಎಂಬ ವಿಷವಾಗುತ್ತವೆ. ಮರಳಿನಲ್ಲಿಯೂ ಶೋಧಕದಲ್ಲಿಯೂ ನೆಲೆಸಿದ ಸೂಕ್ಷ್ಮಾಣುಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸಿ ವಿಷವನ್ನು ಕಳೆಯುತ್ತವೆ. ಆದರೆ ಈ ಉಪಕಾರಕ್ಕೆ ಬೆಲೆಯುಂಟು. ಒಂದು ಗ್ರಾಂ ಅಮೋನಿಯಾ ಸಾರಜನಕವನ್ನು ಕಳೆಯುವಾಗ ಸುಮಾರು 7 ಗ್ರಾಂ ಸುಣ್ಣಕಲ್ಲಿಗೆ ಸಮನಾದ ಕ್ಷಾರತೆ ವೆಚ್ಚವಾಗುತ್ತದೆ. ಗಡಸು ನೀರಿಗೆ ಇದು ಲೆಕ್ಕವಲ್ಲ. ಮೃದು ನೀರಿನ ಗಂಟು ಕೆಲವೇ ವಾರಗಳಲ್ಲಿ ಬರಿದಾಗಿ ರಸಸಾರ ದಡದಡನೆ ಕುಸಿಯುತ್ತದೆ.

ರಸಸಾರ 6ಕ್ಕಿಂತ ಕೆಳಗಿಳಿದಾಗ ಆ ಸೂಕ್ಷ್ಮಾಣುಗಳು ಮಂದವಾಗುತ್ತವೆ, ಅಮೋನಿಯಾ ಶೇಖರವಾಗತೊಡಗುತ್ತದೆ. ಹುಳಿ ನೀರಿನಲ್ಲಿ ಅದು ಅಮೋನಿಯಂ ಎಂಬ ಸೌಮ್ಯ ರೂಪದಲ್ಲಿರುವುದರಿಂದ ಮೀನು ಹೇಗೋ ಬದುಕಿರುತ್ತದೆ. ಆಗ ಮನೆಯವರು ಒಳಿತನ್ನೇ ಬಯಸಿ ತೊಟ್ಟಿಯ ಬಹುಪಾಲು ನೀರನ್ನು ಒಮ್ಮೆಲೇ ಬದಲಿಸುತ್ತಾರೆ. ರಸಸಾರ 7ನ್ನು ದಾಟಿತೆಂದರೆ ಉಳಿದ ಅಮೋನಿಯಂ ಮತ್ತೆ ವಿಷರೂಪ ತಾಳತೊಡಗುತ್ತದೆ. ಬದಲಾದ ನೀರಿನ ಆಘಾತವೂ ಅದಕ್ಕೆ ಸೇರುತ್ತದೆ. ತೊಳೆದ ಮರುದಿನದ ಸಾವಿನ ಗುಟ್ಟು ಇದು.

ಮಾಡತಕ್ಕದ್ದು

ಮೊದಲನೆಯದು, ಅಳೆಯುವುದು. ಬಾವಿ, ಬೋರ್‌ವೆಲ್ಲುಗಳಿಂದ ಆಗತಾನೆ ಎತ್ತಿದ ನೀರಿನಲ್ಲಿ ಇಂಗಾಲಾಮ್ಲ ಹೆಚ್ಚಿರುವುದರಿಂದ ಅಂಕಿ ಸುಳ್ಳು ಹೇಳುತ್ತದೆ. ಬಕೆಟ್ಟಿನಲ್ಲಿ ತೆರೆದಿಟ್ಟು ಒಂದು ದಿನ ಕಳೆದ ಮೇಲೆ ಪರೀಕ್ಷಿಸಬೇಕು. ನಲ್ಲಿಯ ನೀರಿನ ಕ್ಲೋರಿನ್ನೂ ಅಷ್ಟರಲ್ಲಿ ಬಹುಪಾಲು ಹೋಗಿರುತ್ತದೆ.

ಎರಡನೆಯದು, ವಾರಕ್ಕೊಮ್ಮೆ ನಾಲ್ಕನೆಯ ಒಂದು ಪಾಲು ನೀರನ್ನು ಮಾತ್ರ ಬದಲಿಸುವುದು. ಕೆಳದಿ ಅರಸರ ಕಾಲದ ನಗರದ ದೇವಗಂಗೆಯ ಕೊಳಗಳನ್ನು ನೋಡಿದವರಿಗೆ ಈ ತತ್ತ್ವ ಸುಲಭವಾಗಿ ಹೊಳೆಯುತ್ತದೆ. ಹೊಸ ನೀರು ಸದಾ ಬರುತ್ತದೆ, ಹಳೆಯದು ಸದಾ ಹೋಗುತ್ತದೆ. ಕೊಳವನ್ನು ಒಮ್ಮೆಲೇ ಬರಿದು ಮಾಡಿ ತುಂಬುವವರಿಲ್ಲ.

ಮೂರನೆಯದು, ಗಂಟನ್ನು ತುಂಬಿಕೊಡುವುದು. ಕರಾವಳಿಯ ಕಪ್ಪೆಚಿಪ್ಪುಗಳನ್ನು ತೊಳೆದು, ಕುದಿಸಿ, ಪುಡಿಗುಟ್ಟಿ, ಒಂದು ಹಿಡಿಯಷ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಶೋಧಕದ ಬಳಿ ಇಡಬಹುದು. ನೀರು ಹುಳಿಯಾದಾಗ ಚಿಪ್ಪು ಬೇಗ ಕರಗುತ್ತದೆ, ಹುಳಿ ಅಡಗಿದಾಗ ಕರಗುವುದು ನಿಧಾನವಾಗುತ್ತದೆ. ಇದಕ್ಕಿಂತ ಸೌಮ್ಯವಾದ ಉಪಾಯವಿಲ್ಲ. ಅವಸರವಿದ್ದಲ್ಲಿ ಅಡುಗೆ ಸೋಡಾ ಆಗಬಹುದು: 50 ಲೀಟರಿಗೆ ಒಂದೂವರೆ ಗ್ರಾಂ, ಅಂದರೆ ಸುಮಾರು ಕಾಲು ಟೀ ಚಮಚ, ಹಾಕಿದರೆ ಕೆಎಚ್ ಒಂದು ಡಿಗ್ರಿ ಏರುತ್ತದೆ. ಬದಲಿಸುವ ನೀರಿನಲ್ಲಿ ಕರಗಿಸಿ ಹಾಕಬೇಕೇ ಹೊರತು ಮೀನಿನ ಮೇಲೆ ಉದುರಿಸಬಾರದು. ಮೂರು ನಾಲ್ಕು ಡಿಗ್ರಿಯ ಗುರಿ ಸಾಕು. ಅದನ್ನೂ ಹಲವು ದಿನಗಳಲ್ಲಿ ಮುಟ್ಟಬೇಕು.

ಮಾಡಬಾರದ್ದು

ಎಲೆಗೆ ಹಚ್ಚುವ ಸುಣ್ಣವನ್ನು ತೊಟ್ಟಿಗೆ ಹಾಕಬಾರದು. ಅದು ಚಿಪ್ಪಿನಂತೆ ಸಾಧುವಲ್ಲ. ಸುಟ್ಟು ನೀರುಹಾಕಿದ ತೀಕ್ಷ್ಣ ಕ್ಷಾರ, ರಸಸಾರವನ್ನು ಕ್ಷಣಮಾತ್ರದಲ್ಲಿ ಮೇಲಕ್ಕೊಯ್ಯುತ್ತದೆ. ಒಲೆಯ ಬೂದಿಯೂ ಕ್ಷಾರವೇ. ಭಕ್ತಿಯಿಂದಲಾದರೂ ವಿಭೂತಿಯನ್ನು ತೊಟ್ಟಿಗೆ ಉದುರಿಸುವುದು ಸಲ್ಲದು. ಅದರ ಸ್ಥಾನ ಹಣೆ. ತಾಮ್ರದ ಕೊಡದಲ್ಲಿ ನಿಲ್ಲಿಸಿದ ನೀರನ್ನು ಮೀನಿಗೆ ಹಾಕಬಾರದು. ಮೃದು ನೀರು ತಾಮ್ರವನ್ನು ಸುಲಭವಾಗಿ ಕರಗಿಸಿಕೊಳ್ಳುತ್ತದೆ; ತಾಮ್ರ ಮೀನಿಗೆ ವಿಷ. ಶೋಧಕದ ಸ್ಪಂಜನ್ನು ನಲ್ಲಿಯ ಕೆಳಗೆ ತಿಕ್ಕಿದರೆ ಉಪಕಾರಿ ಸೂಕ್ಷ್ಮಾಣುಗಳು ನಾಶವಾಗುತ್ತವೆ. ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲಿಯೇ ಅದನ್ನು ಅಲುಬಬೇಕು.

ನೀರಿಗೆ ತಕ್ಕ ಮೀನು

ನೀರನ್ನು ಮೀನಿಗೆ ಒಗ್ಗಿಸುವುದಕ್ಕಿಂತ ನೀರಿಗೆ ಒಗ್ಗುವ ಮೀನನ್ನು ತರುವುದು ಜಾಣತನ. ಮೋಲಿ, ಗಪ್ಪಿಗಳಿಗೆ ಗಡಸು ನೀರು ಹಿತ. ನಿಯಾನ್ ಟೆಟ್ರಾ, ಏಂಜಲ್, ಗೌರಾಮಿಗಳಿಗೆ ನಮ್ಮ ಮೃದು ನೀರೇ ತವರಿನಂತೆ. ಆದರೂ ಕೆಎಚ್ ಸೊನ್ನೆಗಿಳಿಯದಂತೆ ಅವಕ್ಕೂ ಕಾವಲು ಬೇಕು. ರಸಸಾರ 6.5 ಇರಲಿ, 7.2 ಇರಲಿ, ಅದು ಸ್ಥಿರವಾಗಿರುವುದೇ ಮುಖ್ಯ.

ಒಂದು ಮಾತನ್ನು ಮಕ್ಕಳಿಗೆ ಹೇಳಲೇಬೇಕು. ಸಾಕಿ ಬೇಸರವಾದ ಮೀನನ್ನು ಹೊಳೆಗೋ ಕೆರೆಗೋ ಬಿಡುವುದು ದಯೆಯಲ್ಲ. ನಮ್ಮ ಹೊಳೆಗಳಲ್ಲಿ ತಮ್ಮದೇ ಆದ ಮೀನುಗಳಿವೆ. 2004ರಲ್ಲಿ ವಿಜ್ಞಾನಿಗಳು ಹೊಸದೆಂದು ಗುರುತಿಸಿದ ಮೀನೊಂದಕ್ಕೆ ಶರಾವತಿಯ ಹೆಸರನ್ನೇ ಇಟ್ಟರು. 2006ರಲ್ಲಿ ಇನ್ನೊಂದಕ್ಕೆ ನಾಗೋಡಿಯ ಹೆಸರು ಬಂದಿತು. ಪರದೇಶದ ಮೀನು ಹೊಳೆ ಸೇರಿದರೆ ಇಂತಹವುಗಳ ಅನ್ನಕ್ಕೂ ಮರಿಗಳಿಗೂ ಸಂಚಕಾರ.

ತೀರ್ಥಹಳ್ಳಿಯ ಸಮೀಪದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. ಭಕ್ತರು ಅವಕ್ಕೆ ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ಅಲ್ಲಿ ನೀರನ್ನು ನೋಡಿಕೊಳ್ಳುವವಳು ತುಂಗೆ. ಪಡಸಾಲೆಯ ತೊಟ್ಟಿಯಲ್ಲಿ ಆ ಕೆಲಸ ಮನೆಯವರದು. ವಾರಕ್ಕೆ ಅರ್ಧ ಗಂಟೆಯ ಈ ಕಾಯಕವನ್ನು ಮಕ್ಕಳ ಕೈಗೊಪ್ಪಿಸಿದರೆ, ಮಾತಿಲ್ಲದ ಜೀವಿಯ ಕಷ್ಟವನ್ನು ಅದು ಹೇಳುವ ಮೊದಲೇ ಅರಿಯುವ ಅಭ್ಯಾಸ ಅವರಿಗೆ ತಾನಾಗಿ ಬರುತ್ತದೆಂದು ನಾವು ನಂಬಿದ್ದೇವೆ.